ಓದುಗರ ಪ್ರಶ್ನೆ: ದಶಮಾಂಶದ ಗುಣಾಕಾರ, ಭಾಗಾಕಾರ

ಪ್ರಶ್ನೆ: ಮಗಳು 2.5ನ್ನು 10ರಿಂದ ಗುಣಿಸಿ 2.50 ಎಂದು ಬರೆಯುತ್ತಾಳೆ. ‘ಹತ್ತರಿಂದ ಗುಣಿಸಿದರೆ ಒಂದು ಸೊನ್ನೆ ಸೇರಿಸು’ ಅಂತ ಹೇಳಿಕೊಟ್ಟವರು ನಾವೇ. ಈಗ ‘ಬಿಂದುವನ್ನು ಬಲಕ್ಕೆ ಸರಿಸು’ ಅನ್ನಬೇಕೇ?

ಉತ್ತರ: ಬೇಡಿ. ಒಂದು ಬಾಯಿಪಾಠ ಹೋಗಿ ಇನ್ನೊಂದು ಬರುತ್ತದೆ, ಅಷ್ಟೇ. ಭಾಗಾಕಾರ ಶುರುವಾದ ದಿನ ‘ಎಡಕ್ಕೋ ಬಲಕ್ಕೋ’ ಎಂದು ತಡವರಿಸುತ್ತಾಳೆ. ಹಾಳೆಯ ಮೇಲೆ ಹತ್ತು, ಬಿಡಿ, ದಶಾಂಶ, ಶತಾಂಶ ಎಂದು ನಾಲ್ಕು ಮನೆ ಎಳೆಯಿರಿ. ಬಿಡಿಗೂ ದಶಾಂಶಕ್ಕೂ ನಡುವಿನ ಗೆರೆಯ ಮೇಲೆ ಬಿಂದುವನ್ನು ಪೆನ್ನಿನಲ್ಲೇ ಇಡಿ. ಅದು ಅಲ್ಲಿಂದ ಕದಲುವುದಿಲ್ಲ. ಅಂಕಿಗಳನ್ನು ಚೀಟಿಯಲ್ಲಿ ಬರೆದು ಮನೆಗಳಲ್ಲಿ ಇಡಿಸಿ. ಹತ್ತರಿಂದ ಗುಣಿಸಿದಾಗ ಪ್ರತಿ ಅಂಕಿಯ ಬೆಲೆಯೂ ಹತ್ತು ಪಟ್ಟಾಗುವುದರಿಂದ ಎಲ್ಲ ಚೀಟಿಗಳೂ ಒಂದೊಂದು ಮನೆ ಎಡಕ್ಕೆ ಹೋಗುತ್ತವೆ: 2 ಹತ್ತರ ಮನೆಗೆ, 5 ಬಿಡಿ ಮನೆಗೆ, ಉತ್ತರ 25. ಆಮೇಲೆ 3 × 10 ಮಾಡಿಸಿ. 3 ಎಡಕ್ಕೆ ಹೋದಾಗ ಬಿಡಿ ಮನೆ ಖಾಲಿಯಾಯಿತು, ಅದಕ್ಕೇ ಅಲ್ಲಿ ಸೊನ್ನೆ. 2.5ರಲ್ಲಿ ಆ ಮನೆಗೆ 5 ಬಂದು ಕೂತಿದೆ. 10ರಿಂದ ಭಾಗಿಸುವಾಗ ಚೀಟಿಗಳು ಬಲಕ್ಕೆ.

ಪ್ರಶ್ನೆ: 0.3 × 0.2 = 0.6 ಎಂದು ಅರ್ಧ ತರಗತಿ ಬರೆಯುತ್ತದೆ. ಗುಣಿಸಿದರೂ ಉತ್ತರ ಯಾಕೆ ಚಿಕ್ಕದಾಗುತ್ತದೆ ಎಂದು ಹೇಗೆ ತೋರಿಸಲಿ?

ಉತ್ತರ: ಇದು ಸಂಕಲನದ ಅಭ್ಯಾಸ. 0.3 + 0.2 ಮಾಡುವಾಗ ದಶಾಂಶ ದಶಾಂಶವಾಗಿಯೇ ಉಳಿಯುತ್ತದಲ್ಲ! ಗ್ರಾಫ್ ಹಾಳೆಯಲ್ಲಿ 10 × 10 ಚೌಕ ಗುರುತಿಸಿ, ಇಡೀ ಚೌಕ 1 ಎನ್ನಿ. ಮೂರು ಕಂಬಸಾಲಿಗೆ ನೀಲಿ ಹಚ್ಚಿಸಿ, ಅದು 0.3. ಎರಡು ಅಡ್ಡಸಾಲಿಗೆ ಹಳದಿ. ಎರಡೂ ಬಣ್ಣ ಬಿದ್ದಿರುವ ಮನೆಗಳು 6, ಒಟ್ಟು ಮನೆಗಳು 100. ದಶಾಂಶದ ದಶಾಂಶ ಎಂದರೆ ಶತಾಂಶ, ಆದ್ದರಿಂದ 0.06.

ದೊಡ್ಡ ಲೆಕ್ಕಗಳಲ್ಲಿ ಮೊದಲು ಅಂದಾಜು, ಆಮೇಲೆ ಬಿಂದು. 4.8 × 0.52 ಎಂದರೆ ಸುಮಾರು 5ರ ಅರ್ಧ. 48 × 52 = 2496, ಹಾಗಾಗಿ 2.496 ಮಾತ್ರ ಹೊಂದುತ್ತದೆ. ಜಾಣ ಮಕ್ಕಳೂ ಎಡವುವುದು 0.5 × 0.4ರಲ್ಲಿ. 5 × 4 = 20 ಎಂದು ಬರೆದು, ಸೊನ್ನೆಯನ್ನು ಮೊದಲೇ ಬಿಟ್ಟು, ಎರಡು ಸ್ಥಾನ ಎಣಿಸಿ 0.02 ಅನ್ನುತ್ತಾರೆ. ‘20 ಶತಾಂಶ’ ಎಂದು ಬಾಯಿಬಿಟ್ಟು ಹೇಳಿಸಿದರೆ 0.20, ಅಂದರೆ 0.2, ತಾನಾಗಿ ಬರುತ್ತದೆ.

ಪ್ರಶ್ನೆ: 6.12 ÷ 3 ಮಾಡಿದರೆ 2.4 ಬರುತ್ತದಂತೆ! 4.2 ÷ 0.06 ಕೊಟ್ಟರಂತೂ ಮಗ ಪೆನ್ಸಿಲ್ ಕೆಳಗಿಡುತ್ತಾನೆ.

ಉತ್ತರ: ಮೊದಲನೆಯದರಲ್ಲಿ ಅಂಕಿಗಳನ್ನು ಸ್ಥಾನದ ಹೆಸರು ಹಿಡಿದು ಓದಿಸಿ. 6 ಬಿಡಿಯನ್ನು ಮೂವರಿಗೆ ಹಂಚಿದರೆ 2. ಒಂದು ದಶಾಂಶವನ್ನು ಮೂವರಿಗೆ ಇಡಿಯಾಗಿ ಹಂಚಲಾಗದು, ಭಾಗಲಬ್ಧದ ಆ ಮನೆಗೆ 0. ಅದನ್ನು 10 ಶತಾಂಶವಾಗಿ ಒಡೆದು, ಇದ್ದ 2 ಸೇರಿಸಿದರೆ 12 ಶತಾಂಶ; ಒಬ್ಬೊಬ್ಬರಿಗೆ 4. ಉತ್ತರ 2.04.

ಎರಡನೆಯದಕ್ಕೆ ಹಂಚುವ ಮಾತು ಒಗ್ಗುವುದಿಲ್ಲ, ‘4.2ರಲ್ಲಿ 0.06 ಎಷ್ಟು ಸಲ ಇದೆ?’ ಎಂದು ಕೇಳಿ. ಎರಡನ್ನೂ ಶತಾಂಶಕ್ಕೆ ತಂದರೆ 420 ಶತಾಂಶದಲ್ಲಿ 6 ಶತಾಂಶ, 70 ಸಲ. ಶೇಷ ಉಳಿದಾಗ ಮಾತ್ರ ಎಚ್ಚರ: 1 ÷ 0.3ರಲ್ಲಿ 10 ದಶಾಂಶದೊಳಗೆ 3 ದಶಾಂಶ ಮೂರು ಸಲ, ಉಳಿದದ್ದು 1 ದಶಾಂಶ. ಅದನ್ನು ‘ಶೇಷ 1’ ಎಂದು ಬರೆದರೆ ತಪ್ಪು, ಶೇಷ 0.1. 3 × 0.3 + 0.1 ಮಾಡಿಸಿ ತಾಳೆ ನೋಡಲಿ.