ಪರ್ಮ್ಯಾಂಗನೇಟ್ ಹಾಕಿದ ಹೊಂಡ ಕಂದಾದರೆ ಪುಡಿ ಕಲಬೆರಕೆಯೇ?

ಅಣ್ಣ, ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಸುಣ್ಣ ಹಾಕಿದ್ದ ಮೀನಿನ ಹೊಂಡಕ್ಕೆ ಪರ್ಮ್ಯಾಂಗನೇಟ್ (ರೋಗಾಣು ಕೊಲ್ಲಲು ಹಾಕುವ ನೇರಳೆ ಪುಡಿ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್) ಎರಚಿದ ಮೇಲೆ ನೀರು ಕಂದಾಯಿತು, ಕಾಸ್ಟಿಕ್ ಸೋಡದಲ್ಲಿ ತೊಳೆದಿಟ್ಟ ಬಕೆಟ್ಟಿನಲ್ಲಿ ಕದಡಿದ್ದು ಹಸಿರಾಯಿತು ಎಂದಿದ್ದೀರಿ. ಎರಡೂ ಅಪ್ಪಟ ಪುಡಿಯದೇ ಬಣ್ಣಗಳು.

ನೇರಳೆಯಾಗಿರುವಾಗ ಅದರಲ್ಲಿನ ಮ್ಯಾಂಗನೀಸ್ +7 ಸ್ಥಿತಿಯಲ್ಲಿ, ಅಂದರೆ ಏಳು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಲೆಕ್ಕದಲ್ಲಿ ಇರುತ್ತದೆ. ಆಮ್ಲದಲ್ಲಿ ಅದು ಕೊಳೆಯಿಂದ ಐದು ಎಲೆಕ್ಟ್ರಾನ್ ಕಿತ್ತುಕೊಂಡು +2ಕ್ಕೆ ಇಳಿಯುತ್ತದೆ, ನೀರು ತಿಳಿಯಾಗುತ್ತದೆ. ಕಾಲೇಜಿನಲ್ಲಿ ಗಂಧಕಾಮ್ಲ ಹಾಕಿ ತೋರಿಸುವುದು ಇದನ್ನೇ. ಹೊಂಡದಂಥ ತಟಸ್ಥ ಅಥವಾ ತುಸು ಕ್ಷಾರೀಯ ನೀರಿನಲ್ಲಿ ಮೂರೇ ಎಲೆಕ್ಟ್ರಾನ್ ಪಡೆದು ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ನಿಂತುಬಿಡುತ್ತದೆ. ನೀವು ಕಂಡ ಕಂದು ಗಸಿ ಅದೇ. ಕಾಸ್ಟಿಕ್ ಸೋಡದಂಥ ಪ್ರಬಲ ಕ್ಷಾರದಲ್ಲಿ ಒಂದೇ ಎಲೆಕ್ಟ್ರಾನ್ ಪಡೆದು ಹಸಿರು ಮ್ಯಾಂಗನೇಟ್ ಆಗುತ್ತದೆ. ಆ ಹಸಿರನ್ನು ಸಾದಾ ನೀರಿಗೆ ಸುರಿದು ನೋಡಿ, ಒಂದು ಪಾಲು ಮರಳಿ ನೇರಳೆಯಾಗುತ್ತದೆ, ಉಳಿದದ್ದು ಕಂದಾಗಿ ತಳ ಸೇರುತ್ತದೆ. ಅಂದರೆ ಆಮ್ಲದಲ್ಲಿ ಐದಾಣೆ ಕೆಲಸ ಮಾಡುವ ಪುಡಿ ನಿಮ್ಮ ಹೊಂಡದಲ್ಲಿ ಮೂರಾಣೆಯದನ್ನಷ್ಟೇ ಮಾಡುತ್ತದೆ.

ನನಗೆ ಬಣ್ಣಕ್ಕಿಂತ ಹೆಚ್ಚು ಚಿಂತೆ ಆ ಗಸಿಯದು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ, ಕ್ಷಾರ ಹೆಚ್ಚಿದಷ್ಟೂ ಏರುತ್ತದೆ) ಹೆಚ್ಚಿದ್ದಾಗ ಅದು ಮೀನಿನ ಕಿವಿರುಗಳ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ಸುಣ್ಣ ಹಾಕಿದ ಹೊಸತರಲ್ಲಿ ಪರ್ಮ್ಯಾಂಗನೇಟ್ ಬೇಡವೆನ್ನುವುದು ಇದಕ್ಕೇ. ಪಾಚಿ ಹಸಿರುಗಟ್ಟಿದ ಹೊಂಡದಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಿಎಚ್ ತಾನಾಗಿಯೇ 9 ದಾಟುವುದುಂಟು. ಆದ್ದರಿಂದ ಬೆಳಿಗ್ಗೆ ಪಿಎಚ್ ಅಳೆದು, ಇಳಿದಿದ್ದರೆ ಮಾತ್ರ ಹಾಕಿ. ಈ ಪುಡಿಗೆ ಪಾಚಿ ಸತ್ತು ಕೊಳೆತರೆ ನೀರಿನ ಆಮ್ಲಜನಕ ಕುಸಿಯುತ್ತದೆ, ನೀರಿಗೆ ಗಾಳಿ ಬೆರೆಸುವ ಏರೇಟರ್ ಓಡುತ್ತಿರಲಿ.

ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಒಂದು ಗುಂಟೆಯಲ್ಲಿ ಒಂದು ಮೀಟರ್ ಆಳ ನಿಂತ ನೀರು ಸುಮಾರು 100 ಘನ ಮೀಟರ್. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಅದಕ್ಕೆ 200 ಗ್ರಾಂ ಸಾಕು. ಅದಕ್ಕೂ ಮೊದಲು ಒಂದು ಗ್ರಾಂ ಪುಡಿಯನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಅದರಲ್ಲಿ 20 ಮಿಲಿಲೀಟರನ್ನು ಹತ್ತು ಲೀಟರ್ ಹೊಂಡದ ನೀರಿಗೆ ಬೆರೆಸಿ. ಇದೂ ಅದೇ ಪ್ರಮಾಣ. ಕಾಲು ಗಂಟೆಯೊಳಗೆ ಗುಲಾಬಿ ಹೋಗಿ ಕಂದು ಬಂದರೆ ಔಷಧಿಯನ್ನು ರೋಗಾಣುವಿಗಿಂತ ಮೊದಲು ಹೂಳೇ ತಿನ್ನುತ್ತಿದೆ ಎಂದರ್ಥ. ಆಗ ಪುಡಿ ಹೆಚ್ಚಿಸುವುದಲ್ಲ, ಒಂದಷ್ಟು ನೀರು ಬದಲಿಸಿ, ತಳದ ಹೂಳು ತೆಗೆಸಿ, ಮತ್ತೆ ಬಕೆಟ್ಟಿನಲ್ಲಿ ನೋಡಿ.

ಪರ್ಮ್ಯಾಂಗನೇಟನ್ನು ಫಾರ್ಮಾಲಿನ್ (ಮೀನಿನ ಪರಾವಲಂಬಿಗಳಿಗೆ ಹಾಕುವ ಇನ್ನೊಂದು ಔಷಧಿ) ಜೊತೆ ಎಂದೂ ಬೆರೆಸಬೇಡಿ. ಕೈಗೆ ಹತ್ತಿದ ಕಂದು ಕಲೆಗೆ ನಿಂಬೆಹೋಳು ಉಜ್ಜಿ, ಸೋಪಿಗೆ ಅದು ಬಗ್ಗುವುದಿಲ್ಲ.