ಅಮರೋನೆಗೆ ದ್ರಾಕ್ಷಿ ಒಣಗಿಸುವುದು ಮಣೂಕದ ಲೆಕ್ಕವಲ್ಲ

ಅಣ್ಣಾ, ಇಟಲಿಯ ಅಮರೋನೆ ವೈನಿಗೂ ದ್ರಾಕ್ಷಿ ಒಣಗಿಸುತ್ತಾರಲ್ಲ, ನಮ್ಮ ವಿಜಯಪುರದಲ್ಲಿ ಮಣೂಕ (ಒಣದ್ರಾಕ್ಷಿ) ಮಾಡುವ ಹಾಗೆ ದ್ರಾವಣದಲ್ಲಿ ಅದ್ದಿ, ಅಂದರೆ ಡಿಪ್ಪಿಂಗ್ ಮಾಡಿ, ಬೇಗ ಮುಗಿಸಬಾರದೇಕೆ ಎಂದು ಕೇಳಿದ್ದೀರಿ. ಬೇಗ ಮುಗಿಸಿದರೆ ಅದು ಅಮರೋನೆ ಆಗುವುದಿಲ್ಲ.

ನಾವು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಹಾಕಿ ಅದ್ದುವುದು ಸಿಪ್ಪೆಯ ಮೇಣ ಸಡಿಲಾಗಿ ನೀರು ಬೇಗ ಆರಲೆಂದು. ವೆರೋನಾದ ಉತ್ತರಕ್ಕಿರುವ ವಾಲ್ಪೊಲಿಚೆಲ್ಲಾ ಗುಡ್ಡಗಳಲ್ಲಿ ಆ ಮೇಣವನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಮೂರ್ನಾಲ್ಕು ತಿಂಗಳು ಕಾಯಿ ಉಸಿರಾಡುತ್ತಲೇ ಇರುತ್ತದೆ; ಹುಳಿ ಇಳಿಯುತ್ತದೆ, ಪರಿಮಳ ಬದಲಾಗುತ್ತದೆ. ಬರೀ ನೀರು ತೆಗೆದರೆ ಸಕ್ಕರೆ ಏರುತ್ತದೆ, ಈ ಬದಲಾವಣೆ ಆಗುವುದಿಲ್ಲ. ಡಿಸೆಂಬರ್ 1ಕ್ಕೆ ಮೊದಲು ದ್ರಾಕ್ಷಿ ಅರೆಯಬಾರದೆಂದು ನಿಯಮವೇ ಇದೆ.

ತಳಿಗಳು ಮುಖ್ಯವಾಗಿ ಕೊರ್ವಿನಾ, ಕೊರ್ವಿನೋನೆ, ರೊಂದಿನೆಲ್ಲಾ. ಕೊಯ್ಲು ಕೈಯಿಂದಲೇ. ಕಾಯಿ ಒತ್ತಾಗಿರುವ ಗೊನೆ ಬೇಡ: ನಡುವೆ ಗಾಳಿ ಆಡದೆ ಒಳಗಿನಿಂದ ಕೊಳೆಯುತ್ತದೆ. ಒಡೆದ ಒಂದು ಕಾಯಿ ಸಾಕು, ಇಡೀ ಕ್ರೇಟಿಗೆ ಬೂಷ್ಟು ಹಬ್ಬಲು. ಅದಕ್ಕೇ ಕ್ರೇಟಿನಲ್ಲಿ ಒಂದೇ ಪದರ. ಹಿಂದೆ ಬಿದಿರಿನ ತಟ್ಟಿಗಳ ಮೇಲೆ ಹರವುತ್ತಿದ್ದರು. ಅಕ್ಟೋಬರ್‌ನ ಮೊದಲ ವಾರಗಳೇ ಅಪಾಯದ ಕಾಲ. ಕಾಯಲ್ಲಿ ನೀರು ತುಂಬಿರುತ್ತದೆ, ಹೊರಗೆ ಮಂಜು. ಆಗ ಒಣಗಿಸುವ ಕೋಣೆಯ ಕಿಟಕಿ ಮುಚ್ಚಿ ಫ್ಯಾನ್ ಹಾಕಿ ತೇವ ತಗ್ಗಿಸುತ್ತಾರೆ. ಹಾಗಂತ ಬಿಸಿಗಾಳಿ ಬಿಟ್ಟು ಒಣಗಿಸುವುದಿಲ್ಲ. ಕ್ರೇಟುಗಳನ್ನು ಪದೇಪದೇ ನೋಡಿ, ಕೊಳೆತದ್ದನ್ನು ಆರಿಸಿ ತೆಗೆಯಲೇಬೇಕು.

ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೋಗುವುದುಂಟು. 100 ಕಿಲೋ ಹಸಿ ದ್ರಾಕ್ಷಿಗೆ ವೈನು ಹೆಚ್ಚೆಂದರೆ 40 ಲೀಟರ್. ಬೆಲೆ ಏಕೆ ಅಷ್ಟು ಎಂಬುದಕ್ಕೆ ಈ ಲೆಕ್ಕವೇ ಸಾಕು.

ಇನ್ನೊಂದು ಗಂಡಾಂತರ ಹುದುಗುವಾಗ. ರಸ ದಪ್ಪ, ಚಳಿಗಾಲ, ಮೇಲಾಗಿ ಆಲ್ಕೋಹಾಲ್ 15% ದಾಟುತ್ತದೆ. ಯೀಸ್ಟ್ ಸುಸ್ತಾಗಿ ಹುದುಗು ನಡುವೆಯೇ ನಿಲ್ಲುವುದುಂಟು. ನಿಂತರೆ ಸಿಹಿ ಉಳಿಯುತ್ತದೆ, ಬ್ಯಾಕ್ಟೀರಿಯಾ ಹೊಕ್ಕರೆ ವಿನೆಗರ್ ವಾಸನೆ. ಹೆಚ್ಚು ಆಲ್ಕೋಹಾಲ್ ತಾಳುವ ಯೀಸ್ಟ್ ಆರಿಸಿ, ತೊಟ್ಟಿಯನ್ನು ಸ್ವಲ್ಪ ಬೆಚ್ಚಗಿಟ್ಟು, ತಿಂಗಳಾದರೂ ಕಾಯುತ್ತಾರೆ. ಬೇಕೆಂದೇ ಸಿಹಿ ಉಳಿಸಿದರೆ ಅದು ರೆಚೋತೊ ಎಂಬ ಸಿಹಿ ವೈನು, ಅಮರೋನೆಗಿಂತ ಹಳೆಯದು. ಅಮರೋನೆ ಎಂಬ ಹೆಸರು ಬಂದದ್ದು ಕಹಿ ಎಂಬರ್ಥದ ಅಮಾರೊದಿಂದ.

ಬಾಟಲಿ ಕೊಳ್ಳುವುದಿದ್ದರೆ ಲೇಬಲ್‌ನಲ್ಲಿ ಡಿ.ಒ.ಸಿ.ಜಿ. (ಇಟಲಿಯ ವೈನುಗಳ ಅತಿ ಮೇಲಿನ ದರ್ಜೆ) ನೋಡಿ, 2010ರಿಂದ ಇದಕ್ಕೆ ಆ ದರ್ಜೆ ಇದೆ. ಕನಿಷ್ಠ ಎರಡು ವರ್ಷ ಮಾಗಿರುತ್ತದೆ, ಹೆಚ್ಚು ಕಾಲ ಮಾಗಿಸಿದ ರಿಸೆರ್ವಾ ಆದರೆ ನಾಲ್ಕು. ರಿಪಾಸೊ ಎಂದಿದ್ದರೆ ಅದು ಬೇರೆ: ಅಮರೋನೆ ಹಿಂಡಿದ ಚರಟದ ಮೇಲೆ ಸಾದಾ ವಾಲ್ಪೊಲಿಚೆಲ್ಲಾ ವೈನು ಹಾಕಿ ಮತ್ತೊಮ್ಮೆ ಹುದುಗಿಸಿದ್ದು. ರುಚಿಯಲ್ಲಿ ಹತ್ತಿರ, ಬೆಲೆ ಕಡಿಮೆ. ಮೊದಲ ಸಲ ಕೊಳ್ಳುವವರು ಅದರಿಂದಲೇ ಶುರು ಮಾಡಬಹುದು.