ಇರ್ಪು ಜಲಪಾತದ ಫೋಟೊ: ಎನ್‌ಡಿ1000 ತಗೊಳ್ಳೋಕ್ಕೆ ಮುಂಚೆ

ಸರ್, ನೀವು ಹಾಕಿರೋ ಇರ್ಪು ಫೋಟೊ ದೊಡ್ಡದು ಮಾಡಿ ನೋಡಿದೆ. ಎಫ್/22 (ಅಪರ್ಚರ್, ಅಂದ್ರೆ ಲೆನ್ಸಿನ ಕಿಂಡಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಐಎಸ್‌ಒ 100 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಎನ್‌ಡಿ64, 30 ಸೆಕೆಂಡು ಅಂತ ಬರೆದಿದ್ದೀರಿ. ಎನ್‌ಡಿ ಅಂದ್ರೆ ಬೆಳಕು ತಗ್ಗಿಸೋಕ್ಕೆ ಲೆನ್ಸಿನ ಮುಂದೆ ಹಾಕೋ ಕಪ್ಪು ಫಿಲ್ಟರ್; 64 ಅಂದ್ರೆ 64 ಪಟ್ಟು, 1000 ಅಂದ್ರೆ ಸಾವಿರ ಪಟ್ಟು ತಗ್ಗಿಸುತ್ತೆ. ನೀರು ಸುಣ್ಣ ಬಳಿದ ಹಾಗಿದೆ, ಎಲೆಗಳು ಕಲಸಿಹೋಗಿವೆ. ಎನ್‌ಡಿ1000 ತಗೊಂಡ್ರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ, ಇನ್ನೂ ಕೆಡುತ್ತೆ. ಅದನ್ನ ಹಾಕಿದ್ರೆ ಶಟರ್ ಇನ್ನೂ ಹೆಚ್ಚು ಹೊತ್ತು ತೆರೆದಿರಬೇಕು, ನಿಮಗೆ ಬೇಕಿರೋದು ಕಡಿಮೆ ಸಮಯ.

ಮೇಲಿಂದ ಬೀಳೋ ನೀರಿಗೆ 1/8ರಿಂದ 1/2 ಸೆಕೆಂಡು ಸಾಕು. ಆಗ ಒಂದೊಂದು ಎಳೆಯೂ ಬೇರೆಬೇರೆ ಕಾಣುತ್ತೆ, ನೀರಿನ ರಭಸ ಉಳಿಯುತ್ತೆ. ಕೆಳಗೆ ಕಲ್ಲುಗಳ ನಡುವೆ ನಿಧಾನಕ್ಕೆ ಹರಿಯೋ ನೀರಿಗಾದ್ರೆ 1ರಿಂದ 2 ಸೆಕೆಂಡು ಕೊಡಿ.

ನಿಮ್ಮದೇ ಲೆಕ್ಕ ತಗೊಳ್ಳಿ. ಆ ಬೆಳಕಿಗೆ ಫಿಲ್ಟರ್ ಇಲ್ಲದೆ ಎಫ್/8ರಲ್ಲಿ ಸುಮಾರು 1/15 ಸೆಕೆಂಡು ಬರುತ್ತೆ. ಪೋಲರೈಸರ್ (ಒದ್ದೆ ಮೇಲ್ಮೈಯ ಹೊಳಪು ತೆಗೆಯೋ, ತಿರುಗಿಸೋ ಫಿಲ್ಟರ್) ಒಂದೇ ಹಾಕಿದ್ರೆ ಹತ್ತಿರಹತ್ತಿರ ಎರಡು ಸ್ಟಾಪ್ ಬೆಳಕು ತಿನ್ನುತ್ತೆ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ, ಸಮಯ ಎರಡರಷ್ಟು), 1/4 ಆಯ್ತು. ಎಫ್/11ಕ್ಕೆ ಹೋದ್ರೆ 1/2. ಅಂದ್ರೆ ಮರದ ನೆರಳಿನ ಜಾಗದಲ್ಲಿ ಎನ್‌ಡಿ ಬೇಕೇ ಆಗಲ್ಲ. ಪೋಲರೈಸರ್ ತಿರುಗಿಸುವಾಗ ಒದ್ದೆ ಎಲೆ ಮೇಲೇ ಕಣ್ಣಿಡಿ: ಬಿಳಿ ಹೊಳಪು ಹೋಗಿ ಹಸಿರು ಎದ್ದುಬಂದ ಕಡೆ ನಿಲ್ಲಿಸಿ. ಬಂಡೆಯ ಕಪ್ಪೂ ಆಗಲೇ ಗಟ್ಟಿಯಾಗುತ್ತೆ. ಇದನ್ನ ಆಮೇಲೆ ಕಂಪ್ಯೂಟರ್‌ನಲ್ಲಿ ತರೋಕ್ಕಾಗಲ್ಲ, ಅದಕ್ಕೇ ದುಡ್ಡು ಹಾಕೋದಾದ್ರೆ ಮೊದಲು ಪೋಲರೈಸರ್‌ಗೆ ಹಾಕಿ.

ಎಫ್/22 ಬಿಟ್ಟುಬಿಡಿ. ಡಿಫ್ರಾಕ್ಷನ್‌ನಿಂದ, ಅಂದ್ರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡೋದ್ರಿಂದ, ಇಡೀ ಫೋಟೊ ಮೆತ್ತಗಾಗುತ್ತೆ. ಬಲಮೇಲಿನ ಮೂಲೆಯಲ್ಲಿ ಮಸುಕು ಬಿಳಿ ಉರುಟುಗಳಿವೆಯಲ್ಲ, ಅವು ಗಾಜಿನ ಮೇಲೆ ಕೂತ ಹನಿಗಳು. ಅಪರ್ಚರ್ ಕಿರಿದಾದಷ್ಟೂ ಅವು ಎದ್ದು ಕಾಣುತ್ತವೆ. ಜಲಪಾತದ ಎದುರು ತುಂತುರು ನಿಲ್ಲಲ್ಲ, ಹಾಗಾಗಿ ಫ್ರೇಮ್, ಫೋಕಸ್ ಎಲ್ಲಾ ಮುಗಿಸಿ, ಕೊನೆಗೆ ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ತಕ್ಷಣ ಕ್ಲಿಕ್ ಮಾಡಿ. ಪ್ರತಿ ಫೋಟೊಗೂ ಮತ್ತೆ ಒರೆಸಿ. ಎರಡು ಮೂರು ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿರಲಿ, ಒಂದು ಬೇಗ ಒದ್ದೆಯಾಗುತ್ತೆ.

ನೀರಿನ ಬಿಳುಪು ಒಂದ್ಸಲ ಪೂರ್ತಿ ಸುಟ್ಟುಹೋದ್ರೆ ರಾ ಫೈಲಿನಲ್ಲೂ (ಕ್ಯಾಮೆರಾ ಸಂಸ್ಕರಿಸದೆ ಉಳಿಸೋ ಫೈಲು) ವಾಪಸ್ ಬರಲ್ಲ. ಸುಟ್ಟುಹೋದ ಜಾಗವನ್ನ ಪರದೆ ಮೇಲೆ ಮಿಣುಕಿಸಿ ತೋರಿಸೋ ಹೈಲೈಟ್ ಎಚ್ಚರಿಕೆ ಆನ್ ಮಾಡಿ, ನೀರು ಮಿಣುಕೋದು ನಿಲ್ಲೋವರೆಗೂ ಎಕ್ಸ್‌ಪೋಷರ್ ಇಳಿಸಿ, ಸಾಮಾನ್ಯವಾಗಿ ಮೈನಸ್ 2/3ರಿಂದ 1 ಸ್ಟಾಪ್. ಕತ್ತಲಾದ ಭಾಗವನ್ನ ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಬಹುದು.

ಎಲೆಗಳು ಗಾಳಿಗೆ ಅಲುಗುತ್ತವೆ, ಹಾಗಾಗಿ ಅವಕ್ಕೆ ಬೇರೆ ಫ್ರೇಮ್ ಬೇಕು. ಟ್ರೈಪಾಡ್ ಅಲುಗಿಸದೆ ಐಎಸ್‌ಒ ಮಾತ್ರ 1600ಕ್ಕೆ ಏರಿಸಿ. 1/4 ಇದ್ದದ್ದು 1/60 ಆಗುತ್ತೆ. ಗಾಳಿ ನಿಂತ ಕ್ಷಣಕ್ಕೆ ಕಾದು ತೆಗೆಯಿರಿ, ಆಮೇಲೆ ಎರಡನ್ನೂ ಫೋಟೊ ಎಡಿಟರಿನ ಲೇಯರ್ ಮಾಸ್ಕ್‌ನಲ್ಲಿ (ಒಂದರ ಮೇಲೊಂದು ಇಟ್ಟು ಬೇಕಾದ ಭಾಗ ಮಾತ್ರ ತೋರಿಸೋದು) ಸೇರಿಸಿ: ನೀರು ಮೊದಲನೇದರಿಂದ, ಎಲೆ ಎರಡನೇದರಿಂದ.

ಬಂಡೆಯ ಅಂಚೂ ಸ್ವಲ್ಪ ಎರಡೆರಡಾಗಿ ಕಾಣ್ತಿದೆ, ಅದು ಟ್ರೈಪಾಡ್ ನಡುಕ. ಹರಿಯೋ ನೀರಿನಲ್ಲಿ ಅದರ ಕಾಲು ಊರಿದ್ರೆ ಸೆಳೆತಕ್ಕೆ ಸಣ್ಣಗೆ ನಡುಗುತ್ತಲೇ ಇರುತ್ತೆ. ಒಣ ಬಂಡೆ ಹುಡುಕಿ, ಟ್ರೈಪಾಡ್ ಕಾಲಿನ ತೀರಾ ತೆಳ್ಳಗಿನ ಕೊನೇ ಭಾಗ ಎಳೆಯಬೇಡಿ, ನಡುಕಂಬ ಇಳಿಸಿ. ಲೆನ್ಸಿನ ಸ್ಟೆಬಿಲೈಸೇಶನ್ ಆಫ್, 2 ಸೆಕೆಂಡಿನ ಟೈಮರ್ ಆನ್. ನೀರಿನ ಬಣ್ಣ ಇದ್ದಕ್ಕಿದ್ದಂತೆ ಕೆಂಪಾಗಿ ಕಸಕಡ್ಡಿ ತೇಲಿಬಂದ್ರೆ ಮೇಲ್ಗಡೆ ಮಳೆಯಾಗಿದೆ ಅಂತ. ಕ್ಯಾಮೆರಾ ಎತ್ಕೊಂಡು ಮೊದಲು ದಡಕ್ಕೆ ಬನ್ನಿ.

ಎನ್‌ಡಿ1000 ಬೇಕಾಗೋದು ಬಿಸಿಲಿನಲ್ಲಿ. ಉಳ್ಳಾಲದ ಸೋಮೇಶ್ವರದ ಬಂಡೆಗಳ ಸುತ್ತ ಸಮುದ್ರ ಮಂಜಿನ ಹಾಗೆ ಬರಬೇಕು ಅಂದಾಗ ತಗೊಳ್ಳಿ.